ಸುಣ್ಣ, ಸೀಮೆಎಣ್ಣೆ

ಪೀಣ್ಯ ಎರಡನೇ ಹಂತ, ಬಣ್ಣದ ಫ್ಯಾಕ್ಟರಿಯ ಹಿಂಬದಿ.
ಎರಡು ಕಟ್ಟೆಗಳ ಮೇಲೆ ಅಡ್ಡ ಮಲಗಿದೆ ಟ್ಯಾಂಕು.
ಮೂವತ್ತು ವರ್ಷ ಫರ್ನೇಸ್ ಆಯಿಲ್ ಕುಡಿದು ಕುಡಿದು
ಈಗ ಅಡಿಯಲ್ಲಿ ತೊಟ್ಟಿಕ್ಕುತ್ತದೆ,
ಮುದುಕರಿಗೆ ಆಗುವ ಹಾಗೆ, ತನಗೇ ತಿಳಿಯದೆ.

ನನ್ನ ಕೆಲಸ ಬಾಗಿಲಲ್ಲಿ ಕೂರುವುದು.
ಬಾಗಿಲು ಅಂದರೆ, ಇಪ್ಪತ್ತು ಬೋಲ್ಟು ಬಿಚ್ಚಿದರೆ ಸಿಗುವ
ಒಂದಾಳು ತೂರುವ ತೂತು.
ಒಳಗೆ ಮಾಸಿಲಾಮಣಿ. ಅವನ ಎದೆಪಟ್ಟಿಗೆ ಬಿಗಿದ ಹಗ್ಗದ
ಈ ತುದಿ ನನ್ನ ಕೈಗೆ ಎರಡು ಸುತ್ತು.
ಒಂದು ಸಲ ಜಗ್ಗಿದರೆ: ಇದ್ದೀನಿ.
ಎರಡು: ರಾಡು ಕೊಡು.
ಮೂರು ಜಗ್ಗಿದರೆ ಏನೂ ಕೇಳಬೇಡ, ಜನ ಕರಿ, ಎಳಿ.
ಆರು ವರ್ಷದಲ್ಲಿ ಒಂದೇ ಸಲ ಮೂರು ಜಗ್ಗಿದ್ದು,
ಅದೂ ಕುತ್ತಿಗೆ ಮೇಲೆ ಹಲ್ಲಿ ಬಿದ್ದು.

ಇದಕ್ಕೂ ಮುಂಚೆ ಮೂರು ದಿನ
ಹಬೆ ಹೊಡೆದು, ಬ್ಲೋವರ್ ಓಡಿಸಿ,
ಹಿತ್ತಾಳೆ ಸಲಿಕೆಯಲ್ಲಿ ಗಸಿ ತೋಡಿದ್ದೇವೆ.
ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ,
ಕಿಡಿಯಾದರೆ ಪೇಪರಿನಲ್ಲಿ ನಾಲ್ಕು ಸಾಲು.
ಮೀಟರು ಸೊನ್ನೆ ತೋರಿಸಿದ ಮೇಲೂ
ಮಾಸಿಲಾಮಣಿ ತೂತಿನ ಹತ್ತಿರ ಬಗ್ಗಿ
ಒಂದು ಉಸಿರು ಎಳೆದು ನೋಡುತ್ತಾನೆ,
ಸಾರಿಗೆ ಹುಳಿ ಸಾಕಾ ಅಂತ ನೋಡುವವರ ಹಾಗೆ.
ಅವನಪ್ಪ ಕೋಲಾರದ ಗಣಿಯಲ್ಲಿ ಇಳಿಯುತ್ತಿದ್ದವರು.
"ಅವರು ಚಿನ್ನಕ್ಕೆ ಇಳಿದರು, ನಾನು ಎಣ್ಣೆಗಸಿಗೆ" ಅಂತ ನಗುತ್ತಾನೆ.
ಒಳಗಿನಿಂದ ಆ ನಗು ಹತ್ತು ಜನ ನಕ್ಕಂತೆ ಬರುತ್ತದೆ.

ಮೊದಲು ಸುತ್ತಿಗೆ.
ಗಟ್ಟಿ ತಗಡು ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್.
ಠಣ್ ಠಣ್ ಠಣ್ ಡಬ್.
ಕಲ್ಲಂಗಡಿ ಕೊಳ್ಳುವಾಗ ನಾನೂ ಹೀಗೇ ತಟ್ಟುತ್ತೇನೆ;
ಎರಡರಲ್ಲೂ ಡಬ್ ಅಂದದ್ದನ್ನೇ ಕೊಯ್ಯುವುದು.
ಕೊಯ್ದ ಜಾಗಕ್ಕೆ ಹೊಸ ತಗಡು, ಮೂಲೆ ಉರುಟು ಮಾಡಿ.
ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು.
ಸಂಜೆವರೆಗೆ ಒಳಗೆ ನೀಲಿ ಬೆಳಕು.
ನಾನು ಅದನ್ನು ನೋಡುವ ಹಾಗಿಲ್ಲ, ಹಗ್ಗವನ್ನೇ ನೋಡುತ್ತೇನೆ.

ಬೆಸುಗೆ ಆರಿದ ಮೇಲೆ ಪರೀಕ್ಷೆ:
ಹೊರಗಡೆ ಬೆಸುಗೆಯ ಉದ್ದಕ್ಕೂ ನಾನು ಸುಣ್ಣ ಬಳಿಯುವುದು,
ಒಳಗಿನಿಂದ ಅವನು ಸೀಮೆಎಣ್ಣೆ ಸವರುವುದು,
ಆಮೇಲೆ ಕಾಯುವುದು.
ಸೀಮೆಎಣ್ಣೆಗೆ ನಾಚಿಕೆ ಇಲ್ಲ. ಸೂಜಿಮೊನೆಯಷ್ಟು ದಾರಿ ಕೊಟ್ಟರೂ
ಬಂದು ಬಿಳಿಯ ಮೇಲೆ ಕೂರುತ್ತದೆ.

ವೃಷಭೇಂದ್ರ ಸಾರ್ ಮೊಬೈಲ್ ಟಾರ್ಚು ಒಮ್ಮೆ ಆಡಿಸಿ
"ಓಕೆ" ಅಂದರು, ಸೈನು ಹಾಕಿದರು.
ಎಂಟನೇ ಮೈಲಿ ಜಾಮಿಗೆ ಮುಂಚೆ ಅವರು ದಾಟಬೇಕಿತ್ತು.
ನಾನು ಸುಣ್ಣದ ಡಬ್ಬ ತೆಗೆಯಲು ಬಗ್ಗಿದೆ. ಕಂಡಿತು.
ಕೂದಲೆಳೆಯಷ್ಟು ಒದ್ದೆ, ಮೂರು ಬೆರಳು ಉದ್ದ.

ಹೇಳಿದರೆ ನಾಳೆಯೂ ಇಲ್ಲೇ. ಗುತ್ತಿಗೆ ಕೆಲಸ,
ನಾಳೆಗೆ ಕೂಲಿ ಇಲ್ಲ.
ಹೇಳದಿದ್ದರೆ ಸುಣ್ಣ ತೊಳೆದು ಮನೆಗೆ ಹೋದರಾಯಿತು.
ಮತ್ತೆ, ಮಾಸಿಲಾಮಣಿಯ ಬೆಸುಗೆ ಸೋರಿತು ಅಂತ
ಇದುವರೆಗೆ ಯಾರೂ ಅಂದಿದ್ದಿಲ್ಲ.

ಅವನಿನ್ನೂ ಒಳಗೇ ಇದ್ದ, ಬಟ್ಟೆಯಲ್ಲಿ ಎಣ್ಣೆ ಒರೆಸುತ್ತ.
ಹಗ್ಗ ಮಾತಾಡುವುದು ಒಳಗಿನಿಂದ ಹೊರಗೆ.
ಹೊರಗಿನಿಂದ ಒಳಗೆ ಏನು ಹೇಳಬೇಕೆಂದು
ನಾವು ಗೊತ್ತುಮಾಡಿಕೊಂಡಿರಲಿಲ್ಲ.
ನಾನು ಜಗ್ಗಿದೆ, ಒಂದು ಸಲ.
ಬಟ್ಟೆಯ ಸಪ್ಪಳ ನಿಂತಿತು.
ಎಷ್ಟೋ ಹೊತ್ತಾದ ಮೇಲೆ
ಆ ಕಡೆಯಿಂದಲೂ ಒಂದು ಸಲ.

ಮಾರನೇ ದಿನ ಮತ್ತೆ ಬ್ಲೋವರ್, ಮತ್ತೆ ಮೀಟರು,
ಕೊರೆದು, ತುಂಬಿ, ಮತ್ತೆ ಸುಣ್ಣ.
ನಾಲ್ಕು ಟ್ಯಾಂಕರ್ ನೀರು ತುಂಬಿಸಿ ಒಂದು ರಾತ್ರಿ ನಿಲ್ಲಿಸಿದರು,
ನಮ್ಮ ಬೀದಿ ಒಂದು ವಾರ ಕುಡಿಯುವಷ್ಟು.
ಬೆಳಿಗ್ಗೆ ಮೋರಿಗೆ ಬಿಟ್ಟರು.
ಅಡಿಯಲ್ಲಿ ಒಂದು ಹನಿ ಇರಲಿಲ್ಲ.
ಮಾಸಿಲಾಮಣಿ ಏನೂ ಅನ್ನಲಿಲ್ಲ, ಟೀ ತರಿಸಿದ, ಬನ್ನೂ.

ಸುಣ್ಣ ತೊಳೆಯುವಾಗ ಆ ಜಾಗ ಬೆರಳಿಗೆ ಸಿಕ್ಕಿತು,
ಮಿಕ್ಕ ಬೆಸುಗೆಗಿಂತ ಒಂದು ಚೂರು ದಪ್ಪ.
ನನ್ನ ಹೊಟ್ಟೆಯ ಮೇಲೂ ಅಂಥದೊಂದಿದೆ,
ವಾಣಿವಿಲಾಸ ಆಸ್ಪತ್ರೆಯಲ್ಲಿ ಹಾಕಿದ್ದು.
ಹತ್ತೊಂಬತ್ತು ವರ್ಷವಾಯಿತು. ಅದೂ ಸೋರಿಲ್ಲ.